ಮಕ್ಕಳ ಕೋಣೆಯಲ್ಲಿ ಜೋಡಿಸಿಕೊಳ್ಳುವ ಶೆಲ್ಫ್‌ಗಳ ಸುರಕ್ಷಿತ ಅಳವಡಿಕೆ: ಗ್ರಾಹಕರಿಗೆ ಮಾಹಿತಿ

(ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ)

1. ಪೀಠಿಕೆ

2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣಗೊಂಡ ಈ ಜಿಲ್ಲೆಯ ಮನೆಗಳಲ್ಲಿ ಹಿಂದೆ ಗೋಡೆಯ ಗೂಡು, ಅಟ್ಟ ಹಾಗೂ ಬಡಗಿಯಿಂದ ಮಾಡಿಸಿದ ಬೀರುಗಳೇ ಮಕ್ಕಳ ಪುಸ್ತಕ, ಬಟ್ಟೆ ಮತ್ತು ಆಟಿಕೆಗಳಿಗೆ ಸ್ಥಳವಾಗಿದ್ದವು. ಇತ್ತೀಚಿನ ವರ್ಷಗಳಲ್ಲಿ ಆನ್‌ಲೈನ್ ಮೂಲಕ ಅಥವಾ ಬೆಂಗಳೂರಿನ ಮಳಿಗೆಗಳಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಬರುವ, ಮನೆಯಲ್ಲಿಯೇ ಜೋಡಿಸಿಕೊಳ್ಳಬೇಕಾದ ಶೆಲ್ಫ್‌ಗಳನ್ನು ಖರೀದಿಸುವುದು ರೂಢಿಗೆ ಬಂದಿದೆ.

ಇಂತಹ ಶೆಲ್ಫ್‌ಗಳನ್ನು ಗೋಡೆಗೆ ಬಿಗಿಯದೆ ನಿಲ್ಲಿಸಿದಲ್ಲಿ, ಮಗು ಹತ್ತಿದಾಗ ಅಥವಾ ಡ್ರಾಯರ್ ಎಳೆದಾಗ ಮುಂದಕ್ಕೆ ಉರುಳುವ ಸಂಭವವಿರುತ್ತದೆ. ಅಡಿಯಲ್ಲಿ ಸಿಲುಕಿದ ಮಗುವಿಗೆ ಎದೆ ಒತ್ತಲ್ಪಟ್ಟು ಉಸಿರಾಡಲು ಹಾಗೂ ಕೂಗಲು ಆಗುವುದಿಲ್ಲ. ಆದುದರಿಂದ ಪಕ್ಕದ ಕೋಣೆಯಲ್ಲಿರುವ ಪೋಷಕರಿಗೂ ತಿಳಿಯದೆ ಅನಾಹುತ ನಡೆಯಬಹುದಾಗಿದೆ. ಇದನ್ನು ತಡೆಯಲು ಬೇಕಾಗುವುದು ಎರಡು ಬ್ರಾಕೆಟ್, ಕೆಲವು ಸ್ಕ್ರೂ ಹಾಗೂ ಅರ್ಧ ಗಂಟೆಯ ಕೆಲಸ ಮಾತ್ರ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಪಾಲಿಸುವಂತೆ ಕೋರಲಾಗಿದೆ.

2. ಶೆಲ್ಫ್ ಉರುಳಲು ಕಾರಣಗಳು

ಒತ್ತುಹಲಗೆಯಿಂದ ಮಾಡಿದ ಶೆಲ್ಫ್ ಹಗುರವಾಗಿದ್ದು, ಎತ್ತರಕ್ಕೆ ಹೋಲಿಸಿದಲ್ಲಿ ಅದರ ಆಳ ಕಡಿಮೆಯಿರುತ್ತದೆ. ಖಾಲಿ ಇರುವಾಗ ನೆಟ್ಟಗೆ ನಿಲ್ಲುವ ಶೆಲ್ಫ್, ಮಗುವು ಕೆಳಗಿನ ಹಲಗೆಯ ಮೇಲೆ ಕಾಲಿಟ್ಟು ಮೇಲಿನ ಹಲಗೆಯನ್ನು ಹಿಡಿದ ಕೂಡಲೇ ಸಮತೋಲನ ಕಳೆದುಕೊಳ್ಳುತ್ತದೆ. ಎರಡು ಮೂರು ಡ್ರಾಯರ್‌ಗಳನ್ನು ಏಕಕಾಲಕ್ಕೆ ತೆರೆದಾಗಲೂ ಭಾರವು ಮುಂದಕ್ಕೆ ಸರಿದು ಇದೇ ಪರಿಣಾಮವಾಗುತ್ತದೆ.

ಈ ಅಪಾಯವು ಯಾವುದೇ ಒಂದು ಊರಿಗೆ ಸೀಮಿತವಲ್ಲ. ಮಕ್ಕಳ ಸಾವುಗಳು ವರದಿಯಾದ ನಂತರ 2016ರ ಜೂನ್‌ನಲ್ಲಿ ಅಮೆರಿಕದಲ್ಲಿ ಐಕಿಯಾ ಸಂಸ್ಥೆಯು ಸುಮಾರು 2.9 ಕೋಟಿ ಡ್ರಾಯರ್ ಬೀರುಗಳನ್ನು ಹಿಂಪಡೆಯುವ ಪ್ರಕಟಣೆ ಹೊರಡಿಸಿತು. ತದನಂತರ 2022ರಲ್ಲಿ ಆ ದೇಶವು ಈ ಬಗ್ಗೆ ಪ್ರತ್ಯೇಕ ಕಾನೂನು ಮಾಡಿ, 2023ರ ಸೆಪ್ಟೆಂಬರ್‌ನಿಂದ 27 ಅಂಗುಲ ಹಾಗೂ ಅದಕ್ಕಿಂತ ಎತ್ತರದ ಬಟ್ಟೆ ಬೀರುಗಳಿಗೆ ಉರುಳುವಿಕೆ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. 27 ಅಂಗುಲವೆಂದರೆ ವಯಸ್ಕರ ಸೊಂಟಕ್ಕಿಂತಲೂ ಕೆಳಗಿನ ಎತ್ತರ. ಆದುದರಿಂದ "ನಮ್ಮದು ಚಿಕ್ಕ ಶೆಲ್ಫ್" ಎಂಬ ಕಾರಣಕ್ಕೆ ಬಿಗಿಯದೆ ಬಿಡುವುದು ಸರಿಯಲ್ಲ.

3. ಖರೀದಿಯ ಸಮಯದಲ್ಲಿ ಗಮನಿಸಬೇಕಾದ ಅಂಶಗಳು

ಅ) ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಚಿಲ್ಲರೆ ಬೆಲೆ ಹಾಗೂ ದೂರು ನೀಡಲು ಸಂಪರ್ಕ ವಿವರ ಇರುವುದನ್ನು ಖಚಿತಪಡಿಸಿಕೊಳ್ಳುವುದು.

ಆ) ಗೋಡೆಗೆ ಬಿಗಿಯುವ ಬ್ರಾಕೆಟ್ ಅಥವಾ ಪಟ್ಟಿ ಹಾಗೂ ಜೋಡಣೆಯ ಸೂಚನಾ ಪತ್ರ ಪೊಟ್ಟಣದಲ್ಲಿ ಇವೆಯೇ ಎಂದು ವಿಚಾರಿಸುವುದು. ಬ್ರಾಕೆಟ್ ಜೊತೆಗಿದ್ದರೂ ಗೋಡೆಯ ಪ್ಲಗ್‌ಗಳು ಇಲ್ಲದಿರಬಹುದು. ಇವುಗಳನ್ನು ಗೋಡೆಗೆ ತಕ್ಕಂತೆ ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಳ್ಳಬೇಕು.

ಇ) ಪ್ರತಿ ಹಲಗೆ ಎಷ್ಟು ಕಿಲೋ ಭಾರ ತಡೆಯುತ್ತದೆ ಎಂಬುದನ್ನು ನೋಡುವುದು.

ಈ) ಸಂಗ್ರಹಣಾ ಪೀಠೋಪಕರಣಗಳಿಗೆ ಐಎಸ್ 17634:2022 ಎಂಬ ಭಾರತೀಯ ಮಾನಕವಿದೆ. ಐ.ಎಸ್.ಐ. ಗುರುತು ಇದ್ದಲ್ಲಿ ಅದರ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಉ) ರಸೀದಿ ಪಡೆದು, ಸೂಚನಾ ಪತ್ರದೊಂದಿಗೆ ಕಾಯ್ದಿರಿಸುವುದು.

4. ಸ್ಥಳದ ಆಯ್ಕೆ

ನಮ್ಮಲ್ಲಿ ಹಲವು ಮನೆಗಳಲ್ಲಿ ಮಕ್ಕಳಿಗೆ ಪ್ರತ್ಯೇಕ ಕೋಣೆ ಇರುವುದಿಲ್ಲ. ನಡುಮನೆಯಲ್ಲಿಯೇ ಚಾಪೆ ಅಥವಾ ಹಾಸಿಗೆ ಹಾಸಿ ಮಲಗಿಸುವ ಪದ್ಧತಿಯಿದೆ. ಅಂತಹ ಕಡೆ, ಶೆಲ್ಫ್ ಮುಂದಕ್ಕೆ ಬಿದ್ದರೆ ಅದರ ತುದಿ ತಲುಪುವಷ್ಟು ದೂರದೊಳಗೆ ಮಗುವನ್ನು ಮಲಗಿಸತಕ್ಕದ್ದಲ್ಲ. ಐದು ಅಡಿ ಎತ್ತರದ ಶೆಲ್ಫ್ ಇದ್ದಲ್ಲಿ ಅದರ ಮುಂದೆ ಕನಿಷ್ಠ ಐದು ಅಡಿ ಬಿಡಬೇಕು. ಶೆಲ್ಫನ್ನು ಕಿಟಕಿಯ ಕೆಳಗೆ ಅಥವಾ ಮಂಚಕ್ಕೆ ತಾಗಿದಂತೆ ಇಡಬಾರದು. ಮಕ್ಕಳು ಅದನ್ನು ಮೆಟ್ಟಿಲಿನಂತೆ ಬಳಸುತ್ತಾರೆ. ಬಾಗಿಲು ತೆರೆದಾಗ ಬಡಿಯುವ ಜಾಗವೂ ಸೂಕ್ತವಲ್ಲ.

5. ಗೋಡೆಯ ಪರೀಕ್ಷೆ

ಬ್ರಾಕೆಟ್ ಎಷ್ಟೇ ಗಟ್ಟಿಯಾಗಿದ್ದರೂ ಗೋಡೆ ಹಿಡಿಯದಿದ್ದಲ್ಲಿ ಪ್ರಯೋಜನವಿಲ್ಲ. ಆದುದರಿಂದ ಗೋಡೆ ಯಾವುದರಿಂದ ಕಟ್ಟಲ್ಪಟ್ಟಿದೆ ಎಂಬುದನ್ನು ಮೊದಲು ತಿಳಿಯಬೇಕು.

ಇಟ್ಟಿಗೆ ಗೋಡೆ: ಸಾಧಾರಣ 8 ಮಿ.ಮೀ. ನೈಲಾನ್ ಪ್ಲಗ್ ಸಾಕಾಗುತ್ತದೆ. ಪ್ಲಗ್ ಗಾರೆಯ ಪದರದಲ್ಲಿಯೇ ನಿಲ್ಲದೆ ಇಟ್ಟಿಗೆಯೊಳಗೆ ಹೋಗಿರಬೇಕು. ಇಟ್ಟಿಗೆಗಳ ನಡುವಿನ ಸಂದಿನಲ್ಲಿ ರಂಧ್ರ ಕೊರೆಯಬಾರದು.

ಸೈಜುಗಲ್ಲಿನ ಗೋಡೆ: ಗ್ರಾನೈಟ್ ಕಲ್ಲನ್ನು ಕೊರೆಯಲು ಹ್ಯಾಮರ್ ಡ್ರಿಲ್ ಅವಶ್ಯಕ. ಕೊರೆಯಲು ಕಷ್ಟವೆಂದು ಮಣ್ಣು ಅಥವಾ ಗಾರೆ ತುಂಬಿದ ಸಂದಿಗೆ ಮೊಳೆ ಹೊಡೆಯುವುದು ಅಪಾಯಕಾರಿ.

ಟೊಳ್ಳು ಕಾಂಕ್ರೀಟ್ ಬ್ಲಾಕ್ ಗೋಡೆ: ತಟ್ಟಿದರೆ ಪೊಳ್ಳು ಶಬ್ದ ಬರುತ್ತದೆ. ಸಾಮಾನ್ಯ ಪ್ಲಗ್ ಒಳಗೆ ತಿರುಗುತ್ತದೆಯೇ ಹೊರತು ಕಚ್ಚುವುದಿಲ್ಲ. ಟೊಳ್ಳು ಗೋಡೆಗೆಂದೇ ಇರುವ, ಒಳಗೆ ಅರಳಿಕೊಳ್ಳುವ ಪ್ಲಗ್ ಕೇಳಿ ಪಡೆಯಬೇಕು.

ಮಣ್ಣಿನ ಗೋಡೆ: ಹಳೆಯ ಹೆಂಚಿನ ಮನೆಗಳ ಮಣ್ಣಿನ ಗೋಡೆಯು ಸ್ಕ್ರೂ ಹಿಡಿಯುವುದಿಲ್ಲ. ಇಲ್ಲಿ ಎತ್ತರದ ಶೆಲ್ಫ್ ಇಡದೆ, ಗೋಡೆಯ ಗೂಡುಗಳನ್ನು ಅಥವಾ ಅಗಲವಾದ ತಗ್ಗು ಪೆಟ್ಟಿಗೆಗಳನ್ನು ಬಳಸುವುದು ಸೂಕ್ತ.

ವಿದ್ಯುತ್ ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಹಾಗೂ ಪಕ್ಕದಲ್ಲಿ ಮತ್ತು ಸ್ನಾನದ ಮನೆಗೆ ಹೊಂದಿಕೊಂಡ ಗೋಡೆಯಲ್ಲಿ ಕೊರೆಯುವ ಮುನ್ನ ಒಳಗಿನ ವೈರು ಮತ್ತು ಪೈಪುಗಳು ಎಲ್ಲಿವೆ ಎಂಬುದನ್ನು ಎಲೆಕ್ಟ್ರಿಷಿಯನ್ ಅಥವಾ ಪ್ಲಂಬರ್‌ನಿಂದ ತಿಳಿದುಕೊಳ್ಳಬೇಕು.

6. ಜೋಡಣೆ ಮತ್ತು ಅಳವಡಿಕೆಯ ಕ್ರಮ

(1) ಕೆಲಸ ಮುಗಿಯುವವರೆಗೆ ಮಕ್ಕಳನ್ನು ಆ ಕೋಣೆಗೆ ಬಿಡಬಾರದು. ಸಣ್ಣ ಸ್ಕ್ರೂಗಳು, ಪ್ಲಾಸ್ಟಿಕ್ ಹೊದಿಕೆ ಹಾಗೂ ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಮಗು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ.

(2) ಬಿಡಿಭಾಗಗಳನ್ನು ಸೂಚನಾ ಪತ್ರದ ಪಟ್ಟಿಯೊಂದಿಗೆ ಎಣಿಸಿ ತಾಳೆ ನೋಡಬೇಕು. ಯಾವುದಾದರೂ ಕಡಿಮೆಯಿದ್ದಲ್ಲಿ ಮಾರಾಟಗಾರರಿಂದ ತರಿಸಿಕೊಳ್ಳಬೇಕೇ ವಿನಾ ಬದಲಿ ಮೊಳೆ ಹೊಡೆದು ಮುಂದುವರಿಯಬಾರದು.

(3) ಹಿಂಬದಿಯ ತೆಳು ಹಲಗೆಯನ್ನು ಎಲ್ಲ ಸ್ಕ್ರೂ ಅಥವಾ ಮೊಳೆಗಳೊಂದಿಗೆ ಕೂರಿಸಬೇಕು. ಚೌಕಟ್ಟು ಪಕ್ಕಕ್ಕೆ ವಾಲದಂತೆ ಹಿಡಿದಿಡುವುದು ಈ ಹಲಗೆಯೇ ಆಗಿರುತ್ತದೆ.

(4) ಶೆಲ್ಫನ್ನು ನಿಲ್ಲಿಸಿ ರಸಮಟ್ಟದಿಂದ ಪರೀಕ್ಷಿಸಬೇಕು. ನೀರು ಹರಿದು ಹೋಗಲೆಂದು ಇಳಿಜಾರಾಗಿ ಹಾಕಿದ ನೆಲದಲ್ಲಿ ಶೆಲ್ಫ್ ಮುಂದಕ್ಕೆ ವಾಲದಂತೆ ಕಾಲಿನ ಕೆಳಗೆ ಗಟ್ಟಿಯಾದ ತುಂಡು ಕೊಡಬೇಕು. ಮಡಿಸಿದ ಕಾಗದ ಅಥವಾ ರಟ್ಟು ಬಳಸಬಾರದು.

(5) ಬ್ರಾಕೆಟ್‌ಗಳನ್ನು ಶೆಲ್ಫಿನ ಮೇಲ್ಭಾಗದ ಎರಡೂ ಬದಿಗೆ, ದಪ್ಪ ಹಲಗೆಗೆ ಬಿಗಿಯಬೇಕು. ಹಿಂಬದಿಯ ತೆಳು ಹಲಗೆಗೆ ಬಿಗಿಯಬಾರದು. ನೆಲದಂಚಿನ ಪಟ್ಟಿಯಿಂದಾಗಿ ಶೆಲ್ಫ್ ಮತ್ತು ಗೋಡೆಯ ನಡುವೆ ಅಂತರವಿದ್ದಲ್ಲಿ ಅಷ್ಟೇ ದಪ್ಪದ ಮರದ ಪಟ್ಟಿ ಕೊಡಬೇಕು.

(6) ಗೋಡೆಯಲ್ಲಿ ಗುರುತು ಮಾಡಿ, ಪ್ಲಗ್‌ನ ಅಳತೆಯದೇ ಬಿಟ್‌ನಿಂದ, ಪ್ಲಗ್‌ಗಿಂತ ಸುಮಾರು 10 ಮಿ.ಮೀ. ಹೆಚ್ಚು ಆಳಕ್ಕೆ ಕೊರೆಯಬೇಕು. ರಂಧ್ರದ ಧೂಳನ್ನು ಪೂರ್ಣವಾಗಿ ತೆಗೆದ ನಂತರವೇ ಪ್ಲಗ್ ಹಾಕಬೇಕು. ಬೆರಳಿನಲ್ಲಿ ಸಲೀಸಾಗಿ ಒಳಹೋಗಿ ಹೊರಬರುವ ಪ್ಲಗ್ ನಿಲ್ಲುವುದಿಲ್ಲ. ಅಂತಹ ರಂಧ್ರವನ್ನು ಬಿಟ್ಟು ಬೇರೆಡೆ ಕೊರೆಯಬೇಕು.

(7) ಬಿಗಿದ ನಂತರ ವಯಸ್ಕರೊಬ್ಬರು ಶೆಲ್ಫಿನ ಮೇಲಂಚನ್ನು ಹಿಡಿದು ಮುಂದಕ್ಕೆ ಗಟ್ಟಿಯಾಗಿ ಎಳೆದು ನೋಡಬೇಕು. ಅಲುಗಾಡಿದಲ್ಲಿ ಸಾಮಾನು ಇಡದೆ ಮತ್ತೊಮ್ಮೆ ಸರಿಪಡಿಸಬೇಕು.

7. ಬಳಕೆ ಮತ್ತು ನಿರ್ವಹಣೆ

ಭಾರದ ಪುಸ್ತಕಗಳು ಹಾಗೂ ಮರದ ಆಟಿಕೆಗಳನ್ನು ಕೆಳಗಿನ ಹಲಗೆಯಲ್ಲಿ ಇಡಬೇಕು. ಚನ್ನಪಟ್ಟಣದ ಆಟದ ಬೊಂಬೆಯಾಗಲಿ, ಸಿಹಿತಿಂಡಿಯ ಡಬ್ಬಿಯಾಗಲಿ ಮಗುವಿನ ಕಣ್ಣಿಗೆ ಕಾಣುವಂತೆ ಮೇಲೆ ಇಟ್ಟಲ್ಲಿ ಅದು ಹತ್ತಲು ಆಹ್ವಾನವಿತ್ತಂತೆ. ಟಿ.ವಿ.ಯನ್ನು ಡ್ರಾಯರ್ ಬೀರುವಿನ ಮೇಲೆ ಇಡಬಾರದು. ನೆಲ ತೊಳೆಯುವ ನೀರು ಒತ್ತುಹಲಗೆಗೆ ತಾಗಿದರೆ ಅದು ಉಬ್ಬಿ ಸ್ಕ್ರೂ ಸಡಿಲಗೊಳ್ಳುತ್ತದೆ. ಆದುದರಿಂದ ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಆರು ತಿಂಗಳಿಗೊಮ್ಮೆ, ಉದಾಹರಣೆಗೆ ಯುಗಾದಿ ಮತ್ತು ಆಯುಧಪೂಜೆಗೆ ಮನೆ ಸ್ವಚ್ಛಗೊಳಿಸುವ ಸಂದರ್ಭದಲ್ಲಿ, ಸ್ಕ್ರೂಗಳನ್ನು ಹಾಗೂ ಗೆದ್ದಲನ್ನು ಪರಿಶೀಲಿಸಬೇಕು.

8. ದೋಷವಿದ್ದಲ್ಲಿ ಗ್ರಾಹಕರ ಹಕ್ಕುಗಳು

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕರಣ 84ರಂತೆ, ಹಾನಿ ತಡೆಯಲು ಅವಶ್ಯವಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆಯನ್ನು ನೀಡದ ತಯಾರಕರು ಹೊಣೆಗಾರರಾಗುತ್ತಾರೆ. ಪ್ರಕರಣ 86ರಂತೆ, ಜೋಡಣೆಯಲ್ಲಿ ಯುಕ್ತ ಎಚ್ಚರ ವಹಿಸದ ಅಥವಾ ತಯಾರಕರ ಎಚ್ಚರಿಕೆಯನ್ನು ಗ್ರಾಹಕರಿಗೆ ತಲುಪಿಸದ ಮಾರಾಟಗಾರರೂ ಹೊಣೆಗಾರರಾಗಬಹುದು. ಆದರೆ ಗ್ರಾಹಕರು ವಸ್ತುವನ್ನು ಮಾರ್ಪಡಿಸಿದ್ದಲ್ಲಿ ಅಥವಾ ದುರ್ಬಳಕೆ ಮಾಡಿದ್ದಲ್ಲಿ ಪ್ರಕರಣ 87ರಡಿ ಎದುರುದಾರರಿಗೆ ರಕ್ಷಣೆ ದೊರೆಯುವ ಸಂಭವವಿದೆ. ಜೊತೆಗೆ ಬಂದ ಬ್ರಾಕೆಟ್‌ಗಳನ್ನು ಬಳಸುವುದು ಈ ದೃಷ್ಟಿಯಿಂದಲೂ ಮುಖ್ಯ.

ದೂರು ನೀಡುವ ವಿಧಾನ:

ಅ) ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸುವುದು. ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು.

ಆ) ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುವುದು. ವಸ್ತುವನ್ನು ಬೆಂಗಳೂರಿನಲ್ಲಿ ಅಥವಾ ಆನ್‌ಲೈನ್ ಮೂಲಕ ಖರೀದಿಸಿದ್ದರೂ ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು.

ಇ) ಪಾವತಿಸಿದ ಮೊತ್ತ 5 ಲಕ್ಷ ರೂ.ವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರ ನೇಮಕ ಕಡ್ಡಾಯವಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳ ಒಳಗೆ ಸಲ್ಲಿಸಬೇಕು.

ಈ) ಲಗತ್ತಿಸಬೇಕಾದ ದಾಖಲೆಗಳು: ರಸೀದಿ, ಪೊಟ್ಟಣದ ಮೇಲಿನ ವಿವರದ ಛಾಯಾಚಿತ್ರ, ಸೂಚನಾ ಪತ್ರ, ದೋಷದ ಛಾಯಾಚಿತ್ರ, ಪತ್ರವ್ಯವಹಾರದ ಪ್ರತಿ ಹಾಗೂ ಗಾಯವಾಗಿದ್ದಲ್ಲಿ ವೈದ್ಯಕೀಯ ದಾಖಲೆ. ಮುರಿದ ಭಾಗಗಳನ್ನು ಎಸೆಯಬಾರದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಾಡಿಗೆ ಮನೆಯಲ್ಲಿ ಮಾಲೀಕರು ಗೋಡೆ ಕೊರೆಯಲು ಒಪ್ಪುವುದಿಲ್ಲ. ಏನು ಮಾಡಬೇಕು?
ಉತ್ತರ: ಮಗುವಿನ ಸುರಕ್ಷತೆಯ ಕಾರಣ ತಿಳಿಸಿ, ಮನೆ ಬಿಡುವಾಗ ರಂಧ್ರ ಮುಚ್ಚಿಸಿ ಬಣ್ಣ ಹಚ್ಚಿಸಿಕೊಡುವುದಾಗಿ ಬರೆದುಕೊಟ್ಟು ಒಪ್ಪಿಗೆ ಕೋರಬಹುದು. ಒಪ್ಪದಿದ್ದಲ್ಲಿ ಮಕ್ಕಳು ಇರುವ ಕಡೆ ಎತ್ತರದ ಶೆಲ್ಫ್ ಇಡದಿರುವುದೇ ಸರಿ.

ಪ್ರಶ್ನೆ: ಸ್ಥಳೀಯ ಬಡಗಿಯಿಂದ ಮಾಡಿಸಿದ ಶೆಲ್ಫಿಗೂ ಬಿಗಿಯಬೇಕೇ?
ಉತ್ತರ: ಹೌದು. ಗಟ್ಟಿಮರದ್ದಾದರೆ ಭಾರ ಹೆಚ್ಚು. ಬಿದ್ದಲ್ಲಿ ಹಾನಿಯೂ ಹೆಚ್ಚು.

ಪ್ರಶ್ನೆ: ನಮ್ಮ ಮಗು ಹತ್ತುವುದಿಲ್ಲ. ಆದರೂ ಅಗತ್ಯವೇ?
ಉತ್ತರ: ಮಗು ಯಾವ ದಿನ ಹತ್ತಲು ಕಲಿಯುತ್ತದೆ ಎಂಬುದು ಪೋಷಕರಿಗೆ ಮುಂಚಿತವಾಗಿ ತಿಳಿಯುವುದಿಲ್ಲ. ಅದಕ್ಕೆ ಮೊದಲೇ ಬಿಗಿದಿರಬೇಕು.

10. ತುರ್ತು ಸಂದರ್ಭದಲ್ಲಿ

ಶೆಲ್ಫ್ ಮಗುವಿನ ಮೇಲೆ ಬಿದ್ದಲ್ಲಿ ಕೂಡಲೇ ಎತ್ತಿ, 108 ಆಂಬುಲೆನ್ಸ್ ಸೇವೆಗೆ ಅಥವಾ 112ಕ್ಕೆ ಕರೆ ಮಾಡಬೇಕು. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದಲ್ಲಿ ಕುತ್ತಿಗೆ ಮತ್ತು ಬೆನ್ನನ್ನು ಅಲುಗಾಡಿಸದೆ ಕಾಯಬೇಕು. ತಲೆ, ಎದೆ ಅಥವಾ ಹೊಟ್ಟೆಗೆ ಪೆಟ್ಟಾಗಿದ್ದಲ್ಲಿ ಹೊರಗೆ ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸಬೇಕು.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ಆಯಾ ಉತ್ಪನ್ನದ ಸೂಚನಾ ಪತ್ರಕ್ಕೆ ಹಾಗೂ ಮೂಲ ಅಧಿನಿಯಮಕ್ಕೆ ಬದಲಿಯಾಗಿರುವುದಿಲ್ಲ.