ಗಣಿಗಿಂತ ಹಳೆಯ ಊರುಗಳು

ಕೋಲಾರ ಚಿನ್ನದ ಗಣಿಯ ಊರು ಕೆಜಿಎಫ್ ನೋಡಲು ಬರುವವರು ಗಣಿ ತ್ಯಾಜ್ಯದ ಸಯನೈಡ್ ದಿಬ್ಬದ ಮುಂದೆ ನಿಂತು ಫೋಟೊ ಹೊಡೆಸಿಕೊಂಡು ವಾಪಸಾಗುವುದೇ ಹೆಚ್ಚು. ಈ ಸೀಮೆಯ ಪರಿಚಯ ಬೇಕಿದ್ದರೆ ಬಂಗಾರಪೇಟೆಯಲ್ಲಿ ರೈಲಿಳಿದು ಹಳ್ಳಿಯ ದಾರಿ ಹಿಡಿಯಬೇಕು.

ಬಂಗಾರಪೇಟೆಯನ್ನು ಬೆಳೆಸಿದ್ದು ರೈಲು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ನೆನಪಿಗೆ ಹಿಂದೆ ಇದು ಬೌರಿಂಗ್‌ಪೇಟೆ. ಬೆಂಗಳೂರು–ಜೋಲಾರಪೇಟೆ ಮಾರ್ಗದ ಈ ಜಂಕ್ಷನ್‌ನಿಂದ 1894ರಲ್ಲಿ ಗಣಿಗೆ ಕವಲು ಹಳಿ ಹಾಕಿದರು. ಸಂಜೆ ಇಲ್ಲಿ ಪಾನಿಪೂರಿ ತಿನ್ನದೆ ಹೋಗಬಾರದು. ಪಾನಿಗೆ ಹಸಿರು ಬಣ್ಣವೇ ಇಲ್ಲ, ಕುಡಿಯುವ ನೀರಿನಷ್ಟು ತಿಳಿ. ಬಾಯಿಗಿಟ್ಟ ಮೇಲೆಯೇ ಖಾರ ಗೊತ್ತಾಗುವುದು.

ಕವಲು ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಈ ಹೆಸರುಗಳಲ್ಲಿ ಊರಿಗಾಂ, ಮಾರಿಕುಪ್ಪಂ ಗಣಿ ಕಂಪನಿಗಳು ಬರುವ ಮೊದಲೇ ಇದ್ದ ಹಳ್ಳಿಗಳು. 1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಜಾನ್ ವಾರನ್, ಚಿನ್ನದ ಸುದ್ದಿ ಕೇಳಿ ಬಹುಮಾನ ಕೊಡುವುದಾಗಿ ಸಾರಿದ. ಊರಿಗಾಂ ಜನ ಗಾಡಿಯಲ್ಲಿ ಮಣ್ಣು ತುಂಬಿಸಿ ತಂದು, ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಇದರ ಬಗ್ಗೆ ವಾರನ್ ಬರೆದ ವರದಿ ಓದಿದ ಐರಿಷ್ ಸೈನಿಕ ಲ್ಯಾವೆಲ್ 1870ರ ದಶಕದಲ್ಲಿ ಗಣಿಗಾರಿಕೆಗೆ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಚಿನ್ನ ಕಂಡವರೆಂದು ಚರಿತ್ರೆ ಹೆಸರಿಸುವುದು ಸಾಹೇಬರನ್ನು, ತೋರಿಸಿಕೊಟ್ಟವರು ಹಳ್ಳಿಯವರು.

ಕಾಲ್ನಡಿಗೆಯಲ್ಲಿ ಹೋದರೆ ಈ ನೆಲದ ಗುಟ್ಟು ಕಣ್ಣಿಗೇ ಬೀಳುತ್ತದೆ. ರಾಗಿ ಹೊಲ, ಟೊಮೆಟೊ ತೋಟಗಳ ನಡುವೆ ಮೊದಲು ಸಿಗುವುದು ಉರುಟಾದ ಬೂದು ಬಂಡೆಗಳು. ಗಣಿಯ ಸಾಲು ಹತ್ತಿರವಾದಂತೆ ಕಲ್ಲು ಕಪ್ಪಾಗಿ, ಪದರಪದರವಾಗಿ ಏಳತೊಡಗುತ್ತದೆ. ಉತ್ತರ–ದಕ್ಷಿಣವಾಗಿ ಹಾದ ಈ ಕಪ್ಪುಕಲ್ಲಿನ ಪಟ್ಟಿಯಲ್ಲೇ ಚಿನ್ನದ ಎಳೆಗಳಿದ್ದದ್ದು. ಅದನ್ನು ಬೆನ್ನಟ್ಟಿ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳಕ್ಕಿಳಿಯಿತು.

ಇಷ್ಟು ದೊಡ್ಡ ಗಣಿಯನ್ನು ಪೊರೆದದ್ದು ಸುತ್ತಲ ಸೀಮೆ. 1902ರಲ್ಲಿ ವಿದ್ಯುತ್ ಶಿವನಸಮುದ್ರದಿಂದ ಬಂತು, ನೀರು ಪಾಲಾರ್ ಹೊಳೆಯ ಬೇತಮಂಗಲ ಕೆರೆಯಿಂದ. ಆಳಕ್ಕಿಳಿದ ಕೂಲಿಗಳಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯವರು. ಹೀಗಾಗಿ ಗಣಿಯ ಲೈನ್ ಮನೆಗಳಲ್ಲಿ ಇವತ್ತಿಗೂ ತಮಿಳು, ಪಕ್ಕದ ಹಳ್ಳಿಗಳಲ್ಲಿ ತೆಲುಗು ಬೆರೆತ ಕನ್ನಡ.

ಬಂಗಾರಪೇಟೆಯಿಂದ ನೈಋತ್ಯಕ್ಕೆ ತಿರುಗಿದರೆ ಹೈದರಾಲಿ ಹುಟ್ಟಿದ ಬೂದಿಕೋಟೆ. ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಗಾಗಿಯೂ ಈ ಹಳ್ಳಿ ಹೆಸರು ಮಾಡಿತು. ಕೆಜಿಎಫ್ ಬಳಿಯ ಕಮ್ಮಸಂದ್ರದಲ್ಲಿ ಕೋಟಿಲಿಂಗೇಶ್ವರ, ಗುಟ್ಟಹಳ್ಳಿಯಲ್ಲಿ ಬಂಗಾರು ತಿರುಪತಿ. ಅಲ್ಲಿ ವೆಂಕಟರಮಣನನ್ನು ಕಾಣುವುದು ಆರು ಕಿಂಡಿಗಳ ಕಿಟಕಿಯಿಂದ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸುಮಾರು 800 ಟನ್ ಚಿನ್ನ ಕೊಟ್ಟ ನೆಲಕ್ಕೆ ಉಳಿದದ್ದು ದಿಬ್ಬಗಳು ಮತ್ತು ಗಾಳಿಗಾಲದಲ್ಲಿ ಮನೆಯೊಳಗೆ ನುಗ್ಗುವ ಬಿಳಿ ದೂಳು. ಗಣಿಗಾಗಿ ಹಾಕಿದ ಹಳಿಯ ಮೇಲೆ ಈಗ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಮುಂಜಾನೆಯೇ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಹೋಗುವುದಾದರೆ ಮಳೆಗಾಲ ಮುಗಿದ ಮೇಲೆ ಹೋಗಿ, ಆಗ ಹೊಲ ಹಸಿರಾಗಿರುತ್ತದೆ. ಪಾಳುಬಿದ್ದ ಶಾಫ್ಟುಗಳ ಹತ್ತಿರ ಸುಳಿಯಬೇಡಿ. ದಿಬ್ಬಕ್ಕೆ ಅರ್ಧ ಗಂಟೆ ಸಾಕು. ಉಳಿದ ದಿನವನ್ನು ಹಳ್ಳಿಗಳಿಗೆ ಕೊಡಿ.