ತಲಕಾಡಿನ ಮನೆಗಳು

ತಲಕಾಡೆಂದೊಡನೆ ನಮಗೆ ಗಂಗರ ರಾಜಧಾನಿಯೂ, ವಿಷ್ಣುವರ್ಧನನ ಕೀರ್ತಿನಾರಾಯಣ ದೇವಾಲಯವೂ, ಅಲಮೇಲಮ್ಮನ ಶಾಪವೂ ನೆನಪಾಗುತ್ತವೆ. ಅರಸರ ಲೆಕ್ಕವನ್ನು ಚರಿತ್ರಕಾರರು ಚೆನ್ನಾಗಿಯೇ ಇಟ್ಟಿದ್ದಾರೆ. ಅಲ್ಲಿ ಒಲೆ ಹೂಡಿ ಬಾಳಿದ ಸಾಮಾನ್ಯ ಸಂಸಾರಗಳ ಗತಿಯೇನಾಯಿತೆಂದು ಕೇಳಿದವರು ಕಡಮೆ. ಇಂದು ಶ್ರೋತೃಗಳ ಮುಂದೆ ಆ ಪ್ರಶ್ನೆಯನ್ನೇ ಇಡುತ್ತೇನೆ.

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ತಲಕಾಡಿನ ಬಳಿ ಬಳುಕಿ ತಿರುಗುತ್ತದೆ. ನೀರು ಇಳಿದಾಗ ಹೊಳೆಯ ಮರಳು ಬಯಲಾಗುವುದು. ನೈಋತ್ಯದ ಗಾಳಿ ಅದನ್ನೆತ್ತಿ ಊರಿನ ಮೇಲೆ ಸುರಿಯುವುದು. ಮರಳ ದಿಬ್ಬಗಳು ವರ್ಷಕ್ಕೆ 9–10 ಅಡಿ ಮುಂದೊತ್ತುತ್ತಿದ್ದುವೆಂದೂ, ಜನರು ಮನೆಗಳನ್ನು ತೊರೆದು ಹಿಂದೆ ಹಿಂದೆ ಸರಿಯಬೇಕಾಗುತ್ತಿತ್ತೆಂದೂ ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಇಪ್ಪತ್ತು ವರ್ಷಕ್ಕೆ ಸುಮಾರು 200 ಅಡಿಯಾಯಿತು. ತಂದೆ ಕಟ್ಟಿದ ಮನೆ ಮಗನಿಗೆ ಉಳಿಯುವ ಭರವಸೆಯಿಲ್ಲ. ಹಾಗಿರುವಲ್ಲಿ ಕಲ್ಲುಗೋಡೆಯನ್ನು ಎಬ್ಬಿಸುವ ಧೈರ್ಯ ಯಾರಿಗೆ ಬಂದೀತು? ರೈತನಿಗೆ ಮನೆಯೆಂದರೆ ಕಣಜ, ಕೊಟ್ಟಿಗೆ, ಮಗಳ ಮದುವೆಯ ಚಪ್ಪರ, ಸಾಲ ಬೇಕಾದಾಗ ಒತ್ತೆ. ಅದು ಮರಳಿನಡಿ ಹೋದರೆ ಇವೆಲ್ಲವೂ ಒಟ್ಟಿಗೆ ಹೋದಂತೆ. ಶಾಪದ ಕಥೆಯು ರಾಜ ಒಡೆಯರನ್ನು ಕುರಿತದ್ದು. ಮರಳು ಬಿದ್ದುದು ಮಾತ್ರ ಒಕ್ಕಲುಮನೆಗಳ ಮೇಲೆ.

ಆದರೂ ಜನರು ಊರು ಬಿಡಲಿಲ್ಲ. ಜನಸಂಖ್ಯೆ ಏರುತ್ತಲೇ ಇದ್ದಿತೆಂದು ಅದೇ ರೈಸರು ಹೇಳುತ್ತಾರೆ. ಮಾಧವಮಂತ್ರಿ ಅಣೆಕಟ್ಟಿನ ನಾಲೆಯಿಂದ ಗದ್ದೆಗಳು ಸಮೃದ್ಧವಾಗಿದ್ದುದೇ ಇದಕ್ಕೆ ಕಾರಣ. ಆ ಕಟ್ಟೆಯಿಂದ ನೀರು ತಗ್ಗಿಯೇ ಹೊಳೆಯ ಮರಳು ಬಯಲಾಯಿತೆಂಬುದು ಈಚಿನ ಕೆಲವು ವಿದ್ವಾಂಸರ ಮತ. ಅದು ನಿಜವಾದರೆ, ಅನ್ನವಿತ್ತ ಕಟ್ಟೆಯೇ ಸೂರನ್ನು ಕಸಿದಂತಾಯಿತು.

ನಂಜನಗೂಡಿನ ಕಷ್ಟ ಬೇರೆ ಬಗೆಯದು; ಅಲ್ಲಿ ಬರುವುದು ನೀರು. 2019ರ ಆಗಸ್ಟ್ ತಿಂಗಳಲ್ಲಿ ಕಪಿಲೆ ಉಕ್ಕಿ ತಗ್ಗಿನ ಬೀದಿಗಳಿಗೆ ನುಗ್ಗಿತು. ಹೊಳೆಯ ದಡದ ಊರುಗಳಲ್ಲೆಲ್ಲ ಬಡವನ ಕೈಗೆಟಕುವ ನೆಲವು ಸಾಮಾನ್ಯವಾಗಿ ಹೊಳೆ ಮೊದಲು ಮುಟ್ಟುವ ನೆಲವೇ. ನೆರೆ ಇಳಿದ ಮೇಲೆ ಇಟ್ಟಿಗೆಯ ಮನೆಯನ್ನು ತೊಳೆದು ಒಳಹೊಗಬಹುದು. ನೆನೆದ ಮಣ್ಣಿನ ಗೋಡೆಯನ್ನು ಮತ್ತೆ ಕಟ್ಟಬೇಕು, ಆ ದಿನಗಳ ಕೂಲಿಯನ್ನೂ ಕಳೆದುಕೊಳ್ಳಬೇಕು.

ಗಾಳಿಗಿಂತಲೂ ನೀರಿಗಿಂತಲೂ ಹೆಚ್ಚು ಭಯಂಕರವಾದ ಇನ್ನೊಂದು ಅಸ್ಥಿರತೆಯಿದೆ. ಪರರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡ ಕೂಲಿಯವನು ಜಮೀನಿನ ಧಣಿಯ ಮಾತಿಗೆ ಎದುರಾಡುವಂತಿರಲಿಲ್ಲ. ಕೂಲಿ ಸಾಲದೆಂದು ಬಾಯಿ ತೆರೆದರೆ ಸಂಜೆಗೆ ಸೂರು ಹೋದೀತೆಂಬ ಭಯ. ಇದೇ ಮೈಸೂರು ಜಿಲ್ಲೆಯ ಹುಣಸೂರು ಸೀಮೆಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರಲ್ಲಿ, ಭೂಸುಧಾರಣೆಯ ಕಾಯಿದೆ ತಿದ್ದುಪಡಿಯಾಯಿತು. ಗೇಣಿದಾರನಿಗೆ ಭೂಮಿ ದೊರೆತ ಸಂಗತಿ ಎಲ್ಲರಿಗೂ ತಿಳಿದಿದೆ. ಪರರ ನೆಲದಲ್ಲಿ ವಾಸವಾಗಿದ್ದ ಕೃಷಿ ಕಾರ್ಮಿಕನು ತನ್ನ ವಾಸದ ಮನೆಗೆ ತಾನೇ ಒಡೆಯನೆಂದು ದಾಖಲೆ ಮಾಡಿಸಿಕೊಳ್ಳಲು ಆ ಕಾಯಿದೆಯಲ್ಲಿ ಅವಕಾಶವಿತ್ತೆಂಬುದನ್ನು ಬಲ್ಲವರು ಕಡಮೆ. ನನ್ನ ಮಟ್ಟಿಗೆ ಇದು ಚಿಕ್ಕ ಕಲಮಲ್ಲ. ಹಾಗೆ ದಾಖಲೆ ಪಡೆದವನು ಮರುದಿನ ಅದೇ ಧಣಿಯ ಗದ್ದೆಗೆ ನಾಟಿಗೆ ಹೋಗಿರಬಹುದು. ಆದರೆ ಕೂಲಿಯೆಷ್ಟೆಂದು ಮೊದಲು ಕೇಳಿ ಹೋಗಬಲ್ಲವನಾಗಿದ್ದನು.