ಶಾಸನ: ಪದದ ಅರ್ಥ ಮತ್ತು ಮೂಲ

ಕಲ್ಲಿನ ಮೇಲೆ ಅಥವಾ ತಾಮ್ರದ ತಗಡಿನ ಮೇಲೆ ಕೊರೆದ ಬರಹವನ್ನು ಕನ್ನಡದಲ್ಲಿ ‘ಶಾಸನ’ ಎನ್ನುತ್ತಾರೆ. ಆದರೆ ಈ ಪದದ ಮೂಲದಲ್ಲಿ ಕಲ್ಲೂ ಇಲ್ಲ, ಬರಹವೂ ಇಲ್ಲ. ಸಂಸ್ಕೃತದ ‘ಶಾಸ್’ ಧಾತುವಿಗೆ ಆಜ್ಞಾಪಿಸು, ಆಳು, ಬೋಧಿಸು, ದಂಡಿಸು ಎಂಬ ಅರ್ಥಗಳಿವೆ. ಶಾಸ್ತ್ರ, ಶಿಷ್ಯ, ಅನುಶಾಸನ ಎಂಬ ಪದಗಳು ಹುಟ್ಟಿದ್ದು ಇದರಿಂದಲೇ. ಇಂದಿನ ಶಾಸಕ, ಶಾಸನಸಭೆಗಳೂ ಇದೇ ಬಳ್ಳಿಯವು.

ಜೈನರಿಗೆ ಈ ಪದದ ಇನ್ನೊಂದು ಅರ್ಥ ಮನೆಮಾತಾಗಿದೆ. ಜಿನಶಾಸನ ಎಂದರೆ ಜಿನರ ಉಪದೇಶ. ಆ ಉಪದೇಶವನ್ನು ಕಾಯುವ ಯಕ್ಷ ಯಕ್ಷಿಯರನ್ನು ಶಾಸನದೇವತೆಗಳು ಎನ್ನುತ್ತೇವೆ. ಪದ್ಮಾವತಿ, ಜ್ವಾಲಾಮಾಲಿನಿ, ಕೂಷ್ಮಾಂಡಿನಿಯರು ಈ ಸಾಲಿನವರು. ಹೊಯ್ಸಳರ ಕಾಲದ ಅನೇಕ ಜೈನ ಕಲ್ಬರಹಗಳು ಜಿನಶಾಸನಕ್ಕೆ ಜಯವನ್ನು ಕೋರುವ ಶ್ಲೋಕದಿಂದ ಆರಂಭವಾಗುತ್ತವೆ. ಅಕಲಂಕದೇವರ ಆ ಶ್ಲೋಕದಲ್ಲಿ ‘ಶಾಸನ’ ಎಂಬ ಮಾತು ಬರುವುದು ಉಪದೇಶ ಎಂಬ ಅರ್ಥದಲ್ಲಿ; ಅದನ್ನು ಹೊತ್ತ ಕಲ್ಲನ್ನು ಶಾಸನ ಎನ್ನುವುದು ಬೇರೊಂದು ಅರ್ಥದಲ್ಲಿ. ಬಸದಿಯಲ್ಲಿ ಕಲ್ಲು ಓದುವವರು ಮೊದಲು ಗಮನಿಸಬೇಕಾದ ವ್ಯತ್ಯಾಸ ಇದು.

ಆಜ್ಞೆ ಎಂಬ ಅರ್ಥದ ಪದ ಬರಹಕ್ಕೆ ಹೆಸರಾದದ್ದು ಸಹಜವಾಗಿಯೇ. ಅಶೋಕನು ತನ್ನ ಬಂಡೆ ಬರಹಗಳನ್ನು ಹೆಚ್ಚಾಗಿ ‘ಧಮ್ಮಲಿಪಿ’ ಎಂದೇ ಕರೆದಿದ್ದಾನೆ; ಆದರೆ ಸಾರನಾಥದ ಕಂಬದಲ್ಲಿ ಸಂಘಕ್ಕೆ ತಿಳಿಸಬೇಕಾದ ತನ್ನ ಆಜ್ಞೆಗೆ ಪ್ರಾಕೃತದಲ್ಲಿ ‘ಸಾಸನ’ ಎಂಬ ಪದವನ್ನೇ ಬಳಸಿದ್ದಾನೆ. ಮುಂದೆ ಅರಸರು, ದಂಡನಾಯಕರು ಬಸದಿಗೆ, ಮಠಕ್ಕೆ ಭೂಮಿ ಬಿಟ್ಟಾಗ ಅದರ ಎಲ್ಲೆ, ತೆರಿಗೆ, ಪಡೆದ ಆಚಾರ್ಯರ ಹೆಸರು ಎಲ್ಲವನ್ನೂ ಬರೆಸಿ ನಿಲ್ಲಿಸಿದರು. ದಾನವನ್ನು ಅಳಿದವರಿಗೆ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬ ಶಾಪವೂ ಕೊನೆಗೆ ಸೇರುತ್ತಿತ್ತು. ಒಟ್ಟಿನಲ್ಲಿ ಕಲ್ಲು ಅಂದಿನ ಪತ್ರ, ನೋಂದಣಿ ಎರಡೂ ಆಗಿತ್ತು.

ಇದಕ್ಕೆ ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನ ಒಳ್ಳೆಯ ನಿದರ್ಶನ. ಊರಿಗೆ ಆಗ ಅರಕೊಠಾರ ಎಂಬ ಹೆಸರು. ಚಾಮರಾಜನಗರ ಎಂದಾದದ್ದು 1818ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಇಲ್ಲಿ ಬಸದಿ ಕಟ್ಟಿಸಿದ್ದನ್ನು ಅದು ದಾಖಲಿಸುತ್ತದೆ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗೆ ಆತ ನೆರವಾದನೆಂಬ ವಿವರವೂ ಅದರಲ್ಲಿದೆ. ತೋಡರನ್ನು ಬೆದರಿಸಿ ನೀಲಗಿರಿಯನ್ನು ಹಿಡಿದನೆಂಬ ಮಾತಿನಿಂದಾಗಿ ಬೆಟ್ಟದ ಆಚೆಯ ಇತಿಹಾಸಕಾರರೂ ಇದೇ ಕಲ್ಲಿನತ್ತ ತಿರುಗುತ್ತಾರೆ. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಮೇಲೆ ಹಾದು ಕಾಡು ದಾಟುವ ಹೆದ್ದಾರಿ ಸುಲ್ತಾನ್ ಬತ್ತೇರಿ ತಲುಪುತ್ತದೆ. ಅಲ್ಲಿಯೂ ಹಳೆಯ ಕಲ್ಲಿನ ಬಸದಿ ನಿಂತಿದೆ. ಇಂದಿನ ರಾಜ್ಯದ ಗಡಿ ಈ ಸೀಮೆಯ ಜೈನ ಇತಿಹಾಸದ ಗಡಿಯಲ್ಲ.

ಕೊರೆದ ಬರಹವೆಲ್ಲ ಆಜ್ಞೆಯಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಏಳನೇ ಶತಮಾನದ ಬಹುತೇಕ ಬರಹಗಳು ಇಂಥ ಮುನಿ, ಇಂಥ ಕಂತಿ ವ್ರತ ನೋಂತು ಮುಡಿಪಿದರು ಎಂದಷ್ಟೇ ಹೇಳುತ್ತವೆ. ಅಲ್ಲಿ ದಾನವಿಲ್ಲ, ಶಾಪವಿಲ್ಲ. ಸಲ್ಲೇಖನದ ನೆನಪಿನ ಕಲ್ಲಿಗೆ ‘ನಿಸಿದಿ’ ಎಂಬ ಸ್ವಂತ ಹೆಸರೇ ಇದೆ. ಅದನ್ನೂ ಶಾಸನ ಎನ್ನುವುದು ವಿದ್ವಾಂಸರ ರೂಢಿಯಿಂದ ಪದದ ಅರ್ಥ ಹಿಗ್ಗಿದ್ದರ ಫಲ. ಕೊರೆಯುವ ಕೆಲಸಕ್ಕೆ ಹಳಗನ್ನಡದಲ್ಲಿ ‘ಕಂಡರಿಸು’ ಎಂಬ ಬೇರೆ ಕ್ರಿಯಾಪದವಿತ್ತು. ಪಾಠ ರಚಿಸಿದವನು ಒಬ್ಬ, ಕಂಡರಿಸಿದವನು ಇನ್ನೊಬ್ಬ. ಬೆಳಗೊಳದ ಗಂಗಾಚಾರಿಯಂಥ ರೂವಾರಿಗಳು ತಮ್ಮ ಹೆಸರನ್ನೂ ಕೊನೆಯಲ್ಲಿ ಉಳಿಸಿದ್ದಾರೆ.

ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು, 1973ರ ಆವೃತ್ತಿಯಲ್ಲಿ 573. ಹುಡುಕಿದಷ್ಟೂ ಸಿಗುತ್ತವೆ ಎಂಬುದಕ್ಕೆ ಇದೇ ಲೆಕ್ಕ. ಆದ್ದರಿಂದ ಬಸದಿ ಜೀರ್ಣೋದ್ಧಾರಕ್ಕೆ ಮುನ್ನ ಗೋಡೆ, ನೆಲಹಾಸು, ಬಾಗಿಲವಾಡ, ಮೂರ್ತಿಯ ಪೀಠಗಳನ್ನು ನೋಡಬೇಕು. ಅಕ್ಷರ ಕಂಡರೆ ಸುಣ್ಣ, ಸಿಮೆಂಟು, ಎಣ್ಣೆ ಬಳಿಯಬಾರದು; ಕಬ್ಬಿಣದ ಬ್ರಷ್‌ನಿಂದ ಉಜ್ಜಲೂಬಾರದು. ಓರೆ ಬೆಳಕಿನಲ್ಲಿ ಚಿತ್ರ ತೆಗೆದು, ಮೈಸೂರಿನ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸಿದರೆ ಪರಿಣತರು ಕಾಗದದ ಮೇಲೆ ಪಡಿಯಚ್ಚು ತೆಗೆದು ಓದಬಲ್ಲರು.